ತುಂಬಿದ ಕಾಲು, ಬರಿದಾದ ಕಾಲು

ಎರಡು ದೋಣಿಗಳಲ್ಲಿ ಕಾಲಿಟ್ಟವನು ದಡ ಸೇರುವುದಿಲ್ಲವೆಂದು ನಾವು ಹೇಳುವುದುಂಟು. ಮನಸ್ಸಿನ ಚಾಂಚಲ್ಯವನ್ನು ಕುರಿತು ಆಡುವ ಮಾತು ಇದು. ಇಂಥದೇ ಒಂದು ವಿವೇಕವನ್ನು ನಿಜವಾಗಿಯೂ ಕಾಲಿಗೇ ಅನ್ವಯಿಸಿ, ಅದನ್ನು ಒಂದು ವಿದ್ಯೆಯಾಗಿ ಬೆಳೆಸಿದವರು ಚೀನೀಯರು. ಆ ವಿದ್ಯೆಯ ಹೆಸರು ತಾಯ್ ಚಿ. ಬೆಳಗಿನ ಹೊತ್ತು ಚೀನದ ಉದ್ಯಾನಗಳಲ್ಲಿ ವೃದ್ಧರು ನೀರಿನೊಳಗೆ ನಡೆಯುವವರಂತೆ ಮೆಲ್ಲಮೆಲ್ಲನೆ ಕೈಕಾಲು ಚಲಿಸುವುದನ್ನು ಚಿತ್ರಗಳಲ್ಲಾದರೂ ನಾವು ನೋಡಿದ್ದೇವೆ. ನೋಡುವವರ ಕಣ್ಣೆಲ್ಲ ಅವರ ಕೈಗಳ ಮೇಲೆ. ಆದರೆ ವಿದ್ಯೆಯ ಮರ್ಮವಿರುವುದು ಅಂಗಾಲಿನಲ್ಲಿ.

ಇಂದು ಇದು ಮುದುಕರ ವ್ಯಾಯಾಮವೆಂದು ಹೆಸರಾಗಿದ್ದರೂ ಹುಟ್ಟಿನಲ್ಲಿ ಕಾಳಗದ ವಿದ್ಯೆ. ವುಡಾಂಗ್ ಪರ್ವತದ ತಾವೋ ಸಂನ್ಯಾಸಿ ಝಾಂಗ್ ಸಾನ್‌ಫೆಂಗನು ಹಾವಿಗೂ ಹಕ್ಕಿಗೂ ನಡೆದ ಹೋರಾಟವನ್ನು ಕಂಡು ಇದನ್ನು ರೂಪಿಸಿದನೆಂಬುದು ಐತಿಹ್ಯ. 1930ರ ದಶಕದಲ್ಲಿ ಹೆನಾನ್ ಪ್ರಾಂತದ ವೆನ್ ಜಿಲ್ಲೆಯಲ್ಲಿರುವ ಚೆನ್ ಮನೆತನದ ಹಳ್ಳಿಗೆ ಹೋಗಿ ಶೋಧಿಸಿದ ತಾಂಗ್ ಹಾವ್ ಎಂಬ ಇತಿಹಾಸಕಾರರು ಆ ಕಥೆಯನ್ನು ಒಪ್ಪಲಿಲ್ಲ. ಮಿಂಗ್ ಅರಸರ ಕೊನೆಗಾಲದಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧನೇ ಇದರ ಮೂಲಪುರುಷನೆಂದು ಅವರು ವಾದಿಸಿದರು. ಏನೇ ಇರಲಿ, ವಿದ್ಯೆ ಆ ಹಳ್ಳಿಯನ್ನು ದಾಟಿ ನಾಡಿಗೆಲ್ಲ ಹಬ್ಬಿದುದು ಯಾಂಗ್ ಲುಚಾನನಿಂದ (1799–1872). ಅವನು ಚೆನ್ ಹಳ್ಳಿಯಲ್ಲಿ ಕಲಿತು ಬೀಜಿಂಗಿಗೆ ಹೋಗಿ, ಛಿಂಗ್ ರಾಜವಂಶದವರಿಗೂ ಗುರುವಾದನು.

ಯಾಂಗನ ಊರಿನವನೇ ಆದ ವು ಯುಷಿಯಾಂಗ್ (1812–1880) ವಿದ್ಯಾವಂತ ಮನೆತನದವನು. ಅವನ ಅಣ್ಣನಿಗೆ ಒಂದು ಉಪ್ಪಿನ ಅಂಗಡಿಯಲ್ಲಿ ಹಳೆಯ ಬರಹವೊಂದು ದೊರೆಯಿತೆಂದೂ, ಅದನ್ನು ಬರೆದವನು ವಾಂಗ್ ಝೊಂಗ್‌ಯುಯೆ ಎಂಬವನೆಂದೂ ಪರಂಪರೆ ಹೇಳುತ್ತದೆ. ಕರ್ತೃ ಯಾರೇ ಆಗಲಿ, ಆ ಚಿಕ್ಕ ಬರಹವೇ ಈ ವಿದ್ಯೆಗೆ ಶಾಸ್ತ್ರವಾಯಿತು. ಅದರಲ್ಲಿ ಒಂದು ದೋಷವನ್ನು ವಿಶೇಷವಾಗಿ ಎತ್ತಿ ಹೇಳಿದೆ. ಅದರ ಹೆಸರು ‘ಇಬ್ಬದಿಯ ಭಾರ’. ಎಷ್ಟೋ ವರ್ಷ ಸಾಧನೆ ಮಾಡಿಯೂ ಸೋಲುವವರು ಈ ದೋಷವನ್ನು ಅರಿಯದವರೇ ಎಂಬುದು ಅಲ್ಲಿಯ ಅಭಿಪ್ರಾಯ. ಗುರುಗಳು ಇದನ್ನು ಹಲವು ಬಗೆಯಾಗಿ ಅರ್ಥೈಸಿದ್ದಾರಾದರೂ ಹೆಚ್ಚಾಗಿ ಕೇಳಿಬರುವ ವಿವರಣೆ ಕಾಲಿಗೆ ಸಂಬಂಧಿಸಿದ್ದು.

ಎರಡು ಕಾಲುಗಳ ಮೇಲೂ ಸಮನಾಗಿ ಭಾರವಿಟ್ಟು ನಿಂತವನು ಭದ್ರವಾಗಿದ್ದಾನೆಂದು ನಾವು ತಿಳಿಯುತ್ತೇವೆ. ಅವನನ್ನು ಯಾರಾದರೂ ನೂಕಲಿ. ಹೆಜ್ಜೆ ಕೀಳಬೇಕಾದರೆ ಅವನು ಮೊದಲು ಭಾರವನ್ನು ಒಂದು ಕಾಲಿಗೆ ಸಾಗಿಸಬೇಕು. ಆ ಕ್ಷಣಾರ್ಧ ಸಾಕು, ಬಿದ್ದಿರುತ್ತಾನೆ. ಒಂದು ಕಾಲು ತುಂಬಿ ಇನ್ನೊಂದು ಬರಿದಾಗಿದ್ದರೆ ಆ ಬರಿದಾದ ಕಾಲು ಎತ್ತ ಬೇಕಾದರೂ ಹೋದೀತು. ಯಿನ್ ಮತ್ತು ಯಾಂಗ್ ಎಂದು ಚೀನೀಯರು ವಿಶ್ವಕ್ಕೆಲ್ಲ ಹೇಳಿದ ತತ್ತ್ವ ಇಲ್ಲಿ ಬಲಗಾಲು ಎಡಗಾಲುಗಳಿಗೆ ಇಳಿದು ಬಂದಿತು.

ಲುಚಾನನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಭಾರಿ ದೇಹದ ಆಳು. ಜಿಗಿತ, ಒದೆತಗಳ ರಭಸ ತಗ್ಗಿ, ಎಲ್ಲರೂ ಮಾಡಬಹುದಾದ ಸಮಗತಿಯ ವ್ಯಾಯಾಮವಾಗಿ ಈ ವಿದ್ಯೆ ಪ್ರಸಿದ್ಧವಾದುದು ಅವನ ಕಾಲದಲ್ಲಿ. ಅವನು ಹೇಳಿದ ಹತ್ತು ಸೂತ್ರಗಳಲ್ಲಿ ನಾಲ್ಕನೆಯದು, ತುಂಬಿದುದನ್ನೂ ಬರಿದಾದುದನ್ನೂ ಬೇರೆಯಾಗಿ ತಿಳಿಯಬೇಕೆಂಬುದು. 1956ರಲ್ಲಿ ಚೀನದ ಕ್ರೀಡಾ ಇಲಾಖೆ ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಕ್ರಮವನ್ನು ರೂಪಿಸಿದಾಗ ಬಹುಭಾಗವನ್ನು ಬಿಟ್ಟರು. ಈ ಒಂದನ್ನು ಬಿಡಲಿಲ್ಲ. ಶತ್ರು ಇಲ್ಲವಾದನು, ಪಾದದ ಎಚ್ಚರ ಮಾತ್ರ ಉಳಿಯಿತು.

ಎದುರಾಳಿಯೇ ಇಲ್ಲದ ಮೇಲೆ ಆ ಎಚ್ಚರದಿಂದ ಪ್ರಯೋಜನವೇನು? ಉತ್ತರ ದೊರೆತದ್ದು ಅಮೆರಿಕದ ಅಟ್ಲಾಂಟ ನಗರದಲ್ಲಿ. ಅಲ್ಲಿಯ ವೈದ್ಯವಿಜ್ಞಾನಿಗಳು 70 ವರ್ಷ ದಾಟಿದ 200 ಜನರನ್ನು ಮೂರು ಗುಂಪು ಮಾಡಿ, 15 ವಾರ ಒಂದು ಗುಂಪಿಗೆ ತಾಯ್ ಚಿಯನ್ನೂ, ಇನ್ನೊಂದಕ್ಕೆ ಕಂಪ್ಯೂಟರ್ ಯಂತ್ರದ ಮೇಲೆ ನಿಂತು ಸಮತೋಲ ಸಾಧಿಸುವುದನ್ನೂ ಕಲಿಸಿದರು. ಮೂರನೆಯವರಿಗೆ ಬರಿಯ ತಿಳಿವಳಿಕೆಯ ಮಾತು. 1996ರಲ್ಲಿ ಫಲಿತಾಂಶ ಹೊರಬಂದಿತು: ತಾಯ್ ಚಿ ಕಲಿತವರಲ್ಲಿ ಮತ್ತೆ ಮತ್ತೆ ಬೀಳುವ ಅಪಾಯ ಶೇಕಡ 47.5ರಷ್ಟು ತಗ್ಗಿತ್ತು. ಮರುವರ್ಷ ಪ್ರಕಟವಾದ ವಿಷಯ ಇನ್ನೂ ಸೋಜಿಗದ್ದು. ಅಳತೆಯ ಹಲಗೆಯ ಮೇಲೆ ನಿಲ್ಲಿಸಿ ನೋಡಿದಾಗ, ಯಂತ್ರದ ಗುಂಪಿನವರ ಓಲಾಟ ಕಡಿಮೆಯಾಗಿತ್ತು. ತಾಯ್ ಚಿಯವರದು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಆದರೆ ಬೀಳುವೆನೆಂಬ ಭಯ ಕುಗ್ಗಿದ್ದುದು ಇವರಲ್ಲಿ. ಅಲುಗಾಡದೆ ನಿಲ್ಲುವುದೇ ಸಮತೋಲವೆಂಬ ನಮ್ಮ ನಂಬಿಕೆಯನ್ನು ಇದು ಸಡಿಲಿಸುತ್ತದೆ. ಓಲುವುದರಲ್ಲಿ ತಪ್ಪಿಲ್ಲ, ಓಲಿದಾಗ ಹೊರಳಲು ಒಂದು ಕಾಲು ಬಿಡುವಾಗಿರಬೇಕು.

ಪಾದದಡಿಯ ಒತ್ತಡವನ್ನು ಅಳೆಯುವ ಪದರಗಳನ್ನು ಪಾದರಕ್ಷೆಯೊಳಗಿಟ್ಟು ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಾಯ್ ಚಿಯಲ್ಲಿ ಹೆಬ್ಬೆರಳಿನ ಮೇಲೂ ಅದರ ಬುಡದ ಉಬ್ಬಿನ ಮೇಲೂ ಪಾದದ ಉಳಿದ ಭಾಗಗಳಿಗಿಂತ ಹೆಚ್ಚಿನ ಒತ್ತಡ ಬೀಳುವುದು ಅದರಲ್ಲಿ ಕಂಡಿತು. ನಾವು ಸಾಮಾನ್ಯವಾಗಿ ನಡೆಯುವಾಗ ದೇಹವನ್ನು ಮುಂದಕ್ಕೆ ಬೀಳಬಿಟ್ಟು ಕಾಲನ್ನು ಅಡ್ಡ ಕೊಟ್ಟು ಸಾವರಿಸಿಕೊಳ್ಳುತ್ತೇವೆ. ತಾಯ್ ಚಿಯಲ್ಲಿ ಹಾಗಲ್ಲ. ಬರಿದಾದ ಪಾದ ಮೊದಲು ನೆಲವನ್ನು ಮುಟ್ಟಿ ನೋಡುತ್ತದೆ. ಆಮೇಲೆ, ಕೊಡದಿಂದ ಕೊಡಕ್ಕೆ ನೀರು ಸುರಿದಂತೆ, ಭಾರ ಅದಕ್ಕೆ ಇಳಿಯುತ್ತದೆ.

ಮನೆಯ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದ ಕಥೆ ನಮ್ಮಲ್ಲಿ ಯಾವ ಮನೆಗೆ ಅಪರಿಚಿತ? ಅಲ್ಲಿಂದ ಮುಂದೆ ಅವರನ್ನು ನಾವು ಎದ್ದು ಓಡಾಡಗೊಡುವುದಿಲ್ಲ, ಕೂತಲ್ಲೇ ಕೂರಿಸುತ್ತೇವೆ. ಬೀಳದಿರಲೆಂದು ನಿಲ್ಲುವುದನ್ನೇ ಮರೆಸುತ್ತೇವೆ. ಚೆನ್ ಹಳ್ಳಿಯ ಜಟ್ಟಿಗೂ ನಮ್ಮ ಮನೆಯ ಅಜ್ಜಿಗೂ ಇದ್ದ ಅಂಜಿಕೆ ಒಂದೇ, ಉರುಳಿ ಬೀಳುವುದು. ಆ ಜಟ್ಟಿ ಕಂಡುಕೊಂಡ ಉಪಾಯ ಅಜ್ಜಿಗೂ ಸಲ್ಲುತ್ತದೆಂದು ತಿಳಿಯಲು ಲೋಕಕ್ಕೆ ಇಷ್ಟು ಶತಮಾನಗಳು ಬೇಕಾದವು. ಅವರ ಕೈ ಹಿಡಿದು ನಡೆಸುವಾಗ, ಅವಸರಪಡಿಸದೆ, ಒಂದು ಕಾಲು ತುಂಬುವವರೆಗೆ ಕಾಯುವಷ್ಟು ತಾಳ್ಮೆಯನ್ನಾದರೂ ನಾವು ಕಲಿಯಬಹುದು.