ಮೂತ್ರಪಿಂಡಕ್ಕೆ ಒಳಪೆಟ್ಟು: ಚಿಕಿತ್ಸೆಯ ಕ್ರಮ ಮತ್ತು ಚೇತರಿಕೆಯ ಮುನ್ಸೂಚನೆ

ಚರ್ಮ ಹರಿಯದೆ, ಹೊರಗೆ ರಕ್ತ ಕಾಣದೆ, ಬಿದ್ದ ಅಥವಾ ಗುದ್ದಿದ ರಭಸಕ್ಕೆ ಒಳಗಿನ ಅಂಗ ಗಾಯಗೊಳ್ಳುವುದನ್ನು ಒಳಪೆಟ್ಟು ಅಥವಾ ಮೂಕಪೆಟ್ಟು ಎನ್ನುತ್ತೇವೆ. ಮೂತ್ರಪಿಂಡಕ್ಕಾಗುವ ಗಾಯಗಳಲ್ಲಿ ಬಹುಪಾಲು ಇಂಥವೇ. ರಸ್ತೆ ಅಪಘಾತ, ಮರದಿಂದ ಬೀಳುವುದು, ಆಟದಲ್ಲಿ ಪಕ್ಕೆಗೆ ಬೀಳುವ ಒದೆ, ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ಒತ್ತುವುದು ಇದಕ್ಕೆ ಸಾಮಾನ್ಯ ಕಾರಣಗಳು.

ದೊಡ್ಡವರಿಗಿಂತ ಮಕ್ಕಳಿಗೆ ಈ ಅಪಾಯ ಹೆಚ್ಚು. ದೇಹದ ಗಾತ್ರಕ್ಕೆ ಹೋಲಿಸಿದರೆ ಮಕ್ಕಳ ಮೂತ್ರಪಿಂಡ ದೊಡ್ಡದು. ಅದನ್ನು ಸುತ್ತುವರಿದ ಕೊಬ್ಬು ತೆಳು, ಪಕ್ಕೆಲುಬುಗಳು ಇನ್ನೂ ಮೃದು. ಹುಟ್ಟಿನಿಂದಲೇ ಮೂತ್ರಪಿಂಡ ಊದಿಕೊಂಡಿದ್ದರೆ ಚಿಕ್ಕ ಪೆಟ್ಟಿಗೂ ಅದು ಬಿರಿಯಬಹುದು.

ಪ್ರಮುಖ ಲಕ್ಷಣ ಮೂತ್ರದಲ್ಲಿ ರಕ್ತ. ಆದರೆ ರಕ್ತದ ಪ್ರಮಾಣದಿಂದ ಗಾಯದ ಗಾತ್ರವನ್ನು ಅಳೆಯಲಾಗದು. ಸಣ್ಣ ಜಜ್ಜುಗಾಯದಲ್ಲಿ ಮೂತ್ರ ಕೆಂಪಾಗಬಹುದು. ರಕ್ತನಾಳವೇ ಬುಡದಿಂದ ಹರಿದಾಗ ಮೂತ್ರ ತಿಳಿಯಾಗಿಯೇ ಇರಬಹುದು. ಆದ್ದರಿಂದ ಪಕ್ಕೆ ಅಥವಾ ಬೆನ್ನಿನ ನೋವು, ಬಾವು, ವಾಂತಿ, ಬಿಳಿಚಿಕೊಂಡ ಮುಖ ಇವುಗಳನ್ನೂ ಗಮನಿಸಬೇಕು. ಬೈಗುಳಕ್ಕೆ ಹೆದರಿ ಬಿದ್ದ ಸಂಗತಿಯನ್ನೇ ಮುಚ್ಚಿಡುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ. ‘ಉಚ್ಚೆ ಕೆಂಪಗಿತ್ತೇ?’ ಎಂದು ಮನೆಮಾತಿನಲ್ಲಿ ನೇರವಾಗಿ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಆಸ್ಪತ್ರೆಯಲ್ಲಿ ಮೊದಲು ನೋಡುವುದು ನಾಡಿ ಮತ್ತು ರಕ್ತದೊತ್ತಡ. ಸಾಕಷ್ಟು ರಕ್ತ ಸೋರಿದರೂ ಮಕ್ಕಳ ರಕ್ತದೊತ್ತಡ ಬಹಳ ಹೊತ್ತು ಕುಸಿಯುವುದಿಲ್ಲ. ನಾಡಿ ಮಾತ್ರ ಮೊದಲೇ ಓಡತೊಡಗುತ್ತದೆ. ಸ್ಥಿತಿ ಸ್ಥಿರವಾಗಿದ್ದರೆ, ರಕ್ತನಾಳಕ್ಕೆ ಔಷಧ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಗಾಯ ಆಳವಾಗಿದ್ದರೆ ಸುಮಾರು 10 ನಿಮಿಷದ ಬಳಿಕ ಇನ್ನೊಮ್ಮೆ ಚಿತ್ರ ತೆಗೆಯುವುದುಂಟು. ಮೂತ್ರ ಹೊರಕ್ಕೆ ಸೋರುತ್ತಿದೆಯೇ ಎಂಬುದು ಆಗಲೇ ತಿಳಿಯುವುದು.

ಅಮೆರಿಕದ ಶಸ್ತ್ರವೈದ್ಯರ ಸಂಘವೊಂದು 1989ರಲ್ಲಿ ರೂಪಿಸಿ 2018ರಲ್ಲಿ ಪರಿಷ್ಕರಿಸಿದ ಐದು ಗ್ರೇಡುಗಳಲ್ಲಿ ಗಾಯವನ್ನು ಗುರುತಿಸುತ್ತಾರೆ. ಗ್ರೇಡ್ 1 ಎಂದರೆ ಜಜ್ಜುಗಾಯ ಅಥವಾ ಪೊರೆಯೊಳಗಿನ ರಕ್ತಗಟ್ಟು. 2ರಲ್ಲಿ ಸೀಳು 1 ಸೆಂ.ಮೀ. ಮೀರಿರುವುದಿಲ್ಲ, 3ರಲ್ಲಿ ಮೀರಿರುತ್ತದೆ. ಸೀಳು ಮೂತ್ರ ಸಂಗ್ರಹವಾಗುವ ಭಾಗವನ್ನು ಮುಟ್ಟಿದರೆ ಗ್ರೇಡ್ 4. ಅಂಗ ಚೂರಾದರೆ ಅಥವಾ ರಕ್ತನಾಳ ಬುಡದಲ್ಲೇ ಕಿತ್ತುಬಂದರೆ 5. ಶಾಲೆಯ ಅಂಕಪಟ್ಟಿಗೆ ಇದು ತದ್ವಿರುದ್ಧ: ಇಲ್ಲಿ ಅಂಕಿ ಏರಿದಷ್ಟೂ ಚಿಂತೆ.

ಪಾಲಕರು ಅತಿ ಹೆಚ್ಚು ತಪ್ಪು ತಿಳಿಯುವುದು ಚಿಕಿತ್ಸೆಯ ವಿಷಯದಲ್ಲಿ. ‘ಆಪರೇಷನ್ ಮಾಡದೆ ಸುಮ್ಮನೆ ಮಲಗಿಸಿದ್ದಾರೆ’ ಎಂದು ನೊಂದು, ಮಗುವನ್ನು ವಾಹನಕ್ಕೆ ಹಾಕಿಕೊಂಡು ಗಡಿ ದಾಟಿ ಮತ್ತೊಂದು ಊರಿಗೆ ಒಯ್ಯುವವರಿದ್ದಾರೆ. ವಾಸ್ತವವಾಗಿ ಆ ಮಲಗಿಸುವಿಕೆಯೇ ಚಿಕಿತ್ಸೆ. ಮೂತ್ರಪಿಂಡವು ಹೊಟ್ಟೆಯ ಹಿಂಭಾಗದಲ್ಲಿ ಬಿಗಿಯಾದ ಪೊರೆಯೊಂದರ ಒಳಗಿದೆ. ಸೋರಿದ ರಕ್ತ ಆ ಪೊರೆಯೊಳಗೆ ತುಂಬಿ, ಗಾಯವನ್ನು ಅದುಮಿ, ಸೋರುವಿಕೆಯನ್ನು ತಾನೇ ನಿಲ್ಲಿಸುತ್ತದೆ. ಅವಸರದಿಂದ ಹೊಟ್ಟೆ ತೆರೆದರೆ ಆ ಒತ್ತಡ ಹೋಗಿ, ಉಳಿಯಬಹುದಾಗಿದ್ದ ಮೂತ್ರಪಿಂಡವನ್ನೇ ತೆಗೆಯಬೇಕಾಗಬಹುದು. ಸ್ಥಿತಿ ಸ್ಥಿರವಾಗಿದ್ದರೆ ಗ್ರೇಡ್ 4ರ ಗಾಯವೂ ವಿಶ್ರಾಂತಿ, ಪದೇಪದೇ ನಾಡಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಇಷ್ಟರಿಂದಲೇ ಹೆಚ್ಚಾಗಿ ವಾಸಿಯಾಗುತ್ತದೆ. ರಕ್ತ ನಿಲ್ಲದಿದ್ದರೆ ತೊಡೆಯ ಸಂದಿನ ರಕ್ತನಾಳದ ಮೂಲಕ ತೆಳು ನಳಿಕೆ ಹಾಯಿಸಿ ಸೋರುವ ಕವಲನ್ನು ಮುಚ್ಚುತ್ತಾರೆ. ಮೂತ್ರದ ಸೋರಿಕೆ ತಾನಾಗಿ ನಿಲ್ಲದಿದ್ದರೆ ಸ್ಟೆಂಟ್ ಇಡುತ್ತಾರೆ. ರಕ್ತ ಏರಿಸಿದರೂ ಒತ್ತಡ ಕುಸಿಯುತ್ತಲೇ ಹೋದಾಗ ಮಾತ್ರ ಶಸ್ತ್ರಚಿಕಿತ್ಸೆಗೆ ತಡಮಾಡಬಾರದು.

ಮುಂದೇನಾಗಬಹುದು ಎಂಬುದನ್ನು ವೈದ್ಯರು ಗ್ರೇಡಿನಿಂದ ಮಾತ್ರ ಹೇಳುವುದಿಲ್ಲ. ಸುತ್ತಲಿನ ರಕ್ತಗಟ್ಟು 3.5 ಸೆಂ.ಮೀ.ಗಿಂತ ದಪ್ಪವಿದೆಯೇ, ಸ್ಕ್ಯಾನ್ ಹೊತ್ತಿನಲ್ಲೂ ರಕ್ತ ಸೋರುತ್ತಿತ್ತೇ, ಸೀಳು ಬೆನ್ನುಮೂಳೆಯ ಕಡೆಗಿದೆಯೇ ಎಂದು ನೋಡುತ್ತಾರೆ. ಇವುಗಳಲ್ಲಿ ಎರಡು ಅಥವಾ ಮೂರು ಕೂಡಿದರೆ ರಕ್ತ ನಿಲ್ಲಿಸಲು ಚಿಕಿತ್ಸೆ ಬೇಕಾಗುವ ಸಂಭವ ಹೆಚ್ಚು. ಜೀವದ ಅಪಾಯ ಬಹುಮಟ್ಟಿಗೆ ಜೊತೆಗಾದ ತಲೆ, ಯಕೃತ್ತು, ಗುಲ್ಮಗಳ ಗಾಯವನ್ನು ಅವಲಂಬಿಸಿದೆ.

ಬಿದ್ದ ಸ್ಥಳದಲ್ಲಿ ಮಗುವನ್ನು ಬೈಕಿನ ಮೇಲೆ ಕೂರಿಸದೆ ಮಲಗಿಸಿ; 108 ಆಂಬುಲೆನ್ಸ್ ನಮ್ಮ ಗಡಿಯ ಎಲ್ಲ ರಾಜ್ಯಗಳಲ್ಲೂ ಇದೆ. ಮನೆಗೆ ಬಂದ ಮೇಲೆ ವೈದ್ಯರು ಹೇಳದೆ ಬ್ರೂಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ಕೊಡಬೇಡಿ. ಮೊದಲ ಎರಡು ಮೂರು ವಾರಗಳಲ್ಲಿ ಮೂತ್ರ ಮತ್ತೆ ಕೆಂಪಾದರೆ, ಜ್ವರ ಬಂದರೆ, ನೋವು ಏರಿದರೆ ಕೂಡಲೇ ಹಿಂತಿರುಗಿ. ಸಣ್ಣ ಗಾಯಕ್ಕೆ ಸಾಮಾನ್ಯವಾಗಿ 2ರಿಂದ 6 ವಾರ, ದೊಡ್ಡದಕ್ಕೆ 6ರಿಂದ 12 ತಿಂಗಳು ಆಟ ಬೇಡ. ಇದನ್ನು ಶಾಲೆಗೆ ಬರೆದು ತಿಳಿಸಿ. ಗಾಯಗೊಂಡ ಮೂತ್ರಪಿಂಡದಿಂದ ರಕ್ತದೊತ್ತಡ ಏರುವುದು ವಿರಳ, ಆದರೂ ತಿಂಗಳುಗಟ್ಟಲೆ ಪರೀಕ್ಷಿಸುತ್ತಿರಬೇಕು.

ಬಿಡುಗಡೆಯ ಚೀಟಿ ಕನ್ನಡದಲ್ಲಿ ಇರುವುದಿಲ್ಲ. ಎಡವೋ ಬಲವೋ, ಯಾವ ಗ್ರೇಡ್, ಮುಂದಿನ ಪರೀಕ್ಷೆ ಯಾವ ದಿನ ಎಂಬ ಮೂರನ್ನು ಅಲ್ಲಿಯೇ ಕೇಳಿ, ಅದರ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ.