ಆಷಾಢದ ಕಡಲು, ಅರ್ಧ ಬೆಲೆಯ ಕೋಣೆ

ಆಷಾಢ ಬಂತೆಂದರೆ ಚಿತ್ರದುರ್ಗ, ದಾವಣಗೆರೆಯ ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಬ್ಯಾನರ್‌ಗಳು ಏಳುತ್ತವೆ. ಮದುವೆ, ಮುಂಜಿ, ಗೃಹಪ್ರವೇಶ ಯಾವುದೂ ನಡೆಯದ ತಿಂಗಳು. ಸೀರೆ ಕೊಳ್ಳುವವರು ಕಡಿಮೆ. ಹೀಗಾಗಿ ಬೆಲೆ ಇಳಿಯುತ್ತದೆ. ಸರಿಸುಮಾರು ಇದೇ ಹೊತ್ತಿಗೆ ಪ್ರವಾಸ ಏರ್ಪಡಿಸುವವರ ಜಾಹೀರಾತುಗಳಲ್ಲಿಯೂ ಅಂಥದೇ ರಿಯಾಯಿತಿ ಕಾಣಿಸಿಕೊಳ್ಳುತ್ತದೆ. ಕಡಲ ದಂಡೆಯ ಹೋಟೆಲಿನಲ್ಲಿ ಮೂರು ರಾತ್ರಿ, ನಾಲ್ಕು ಹಗಲು. ಬೆಳಗಿನ ತಿಂಡಿ, ಹೋಗಿ ಬರುವ ವಾಹನ ಎಲ್ಲ ಸೇರಿ ಒಂದೇ ದರ. ಏಪ್ರಿಲ್, ಮೇ ತಿಂಗಳಲ್ಲಿ ಕೇಳಿದರೂ ಸಿಗದ ಕೋಣೆ ಜುಲೈನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಗದ್ದಲವಿಲ್ಲ, ನೂಕುನುಗ್ಗಲಿಲ್ಲ. ಕಿಟಕಿ ತೆರೆದರೆ ಮಳೆ ಮತ್ತು ಸಮುದ್ರ.

ಇದನ್ನೇ 'ಆಫ್ ಸೀಸನ್ ಪ್ಯಾಕೇಜ್' ಎನ್ನುತ್ತಾರೆ. ಕೇಳಲು ತೀರಾ ಹೊಸದು ಎನಿಸುವ ಈ ವ್ಯವಸ್ಥೆಯ ಹಿಂದೆ ದೀರ್ಘ ಇತಿಹಾಸವಿದೆ. ಸಮುದ್ರ ವರ್ಷವಿಡೀ ಅಲ್ಲೇ ಇರುತ್ತದೆ. ಹಾಗಿದ್ದರೆ ಯಾವುದು ಸೀಸನ್, ಯಾವುದು ಅಲ್ಲ ಎಂದು ತೀರ್ಮಾನಿಸಿದವರು ಯಾರು? ಅಗ್ಗದ ಆ ದಿನಗಳು ಯಾರ ಪಾಲಿಗೆ ಬರುತ್ತವೆ?

ಮಳೆಗಾಲದ ವಾಸ

ಮಳೆಗಾಲದಲ್ಲಿ ಒಂದೇ ಕಡೆ ನೆಲೆ ನಿಲ್ಲುವುದು ನಮ್ಮ ದೇಶಕ್ಕೆ ಅಪರಿಚಿತವಲ್ಲ. ಬುದ್ಧನ ಕಾಲದಿಂದಲೂ ಭಿಕ್ಷುಗಳು ಮಳೆಯ ತಿಂಗಳುಗಳಲ್ಲಿ ಸಂಚಾರ ನಿಲ್ಲಿಸುತ್ತಿದ್ದರು. ಜೈನ ಮುನಿಗಳೂ, ಹಿಂದೂ ಸಂನ್ಯಾಸಿಗಳೂ ಚಾತುರ್ಮಾಸ್ಯವನ್ನು ಇಂದಿಗೂ ಆಚರಿಸುತ್ತಾರೆ. ದಾರಿ ಕೆಸರು, ಹೊಳೆ ದಾಟುವುದು ಕಷ್ಟ, ನೆಲದ ಮೇಲೆ ಹುಳುಹುಪ್ಪಟೆ ಹೆಚ್ಚು. ನಡೆದರೆ ಜೀವಹಿಂಸೆಯಾದೀತು ಎಂಬ ಭಾವನೆ ಇದರ ಹಿಂದಿತ್ತು. ಭಿಕ್ಷುಗಳು ಮಳೆಗಾಲ ಕಳೆಯಲು ಕಟ್ಟಿಕೊಂಡ ತಾತ್ಕಾಲಿಕ ವಸತಿಗಳೇ ಕಾಲಕ್ರಮದಲ್ಲಿ ಶಾಶ್ವತ ವಿಹಾರಗಳಾದವು ಎಂಬುದು ಇತಿಹಾಸಕಾರರ ಅಭಿಪ್ರಾಯ. ಅಂದರೆ ಯಾರೂ ಪ್ರಯಾಣ ಮಾಡದ ಕಾಲವೇ ತಂಗುದಾಣಗಳ ಹುಟ್ಟಿಗೆ ಒಂದು ಕಾರಣವಾಯಿತು.

ಉಳಿದ ಜನರ ಪ್ರಯಾಣಕ್ಕೆ ಛತ್ರಗಳಿದ್ದವು. ಅರಸರು, ಪಾಳೇಗಾರರು, ವರ್ತಕರು ದಾರಿಯುದ್ದಕ್ಕೂ ಕೆರೆ, ಬಾವಿ, ಅರವಟಿಗೆ, ಛತ್ರಗಳನ್ನು ಕಟ್ಟಿಸುವುದು ಪುಣ್ಯದ ಕೆಲಸವೆನಿಸಿತ್ತು. ಛತ್ರದಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನ ಉಳಿಯಬಹುದಿತ್ತು. ಹಲವೆಡೆ ಒಲೆ, ಪಾತ್ರೆ, ಸೌದೆ ಕೊಡುತ್ತಿದ್ದರು. ಬಂದವರು ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಅಡುಗೆಮನೆ ಸಹಿತವಾದ ಕೋಣೆಗಳನ್ನು ದಿನದ ಲೆಕ್ಕದಲ್ಲಿ ಕೊಡುವ ಇಂದಿನ ಅಪಾರ್ಟ್‌ಮೆಂಟ್ ಹೋಟೆಲಿಗೂ ಇದಕ್ಕೂ ಹೋಲಿಕೆ ಇಲ್ಲದಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ದಾನದಿಂದ ಆದ ಛತ್ರ 1903ರಲ್ಲಿ ಆರಂಭವಾಯಿತು. ಚಿತ್ರದುರ್ಗದ ಕಡೆಯಿಂದ ಕೋರ್ಟು, ಕಚೇರಿ, ಆಸ್ಪತ್ರೆಗೆಂದು ರಾಜಧಾನಿಗೆ ಹೋದ ಎಷ್ಟೋ ಜನರಿಗೆ ಅದರ ಪರಿಚಯವಿದೆ.

ಹಾಗೆಂದು ಛತ್ರಗಳ ಕಾಲವನ್ನು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ಯಾವ ಜಾತಿಯವರು ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು ಎಂಬ ಕಟ್ಟಳೆ ಕಠಿಣವಾಗಿತ್ತು. ದಲಿತರಿಗೆ ಅನೇಕ ಛತ್ರಗಳ ಬಾಗಿಲು ಮುಚ್ಚಿಯೇ ಇತ್ತು. ಬ್ರಿಟಿಷರ ಆಡಳಿತದಲ್ಲಿ ಇನ್ನೊಂದು ಬಗೆಯ ವಿಂಗಡಣೆ ಬಂತು. ಅಧಿಕಾರಿಗಳಿಗೆ ಟ್ರಾವೆಲರ್ಸ್ ಬಂಗಲೆ, ಉಳಿದವರಿಗೆ ಮುಸಾಫಿರ್‌ಖಾನೆ. ಜಲಾಶಯದ ದಡದಲ್ಲೋ, ಗುಡ್ಡದ ನೆತ್ತಿಯಲ್ಲೋ ಇರುತ್ತಿದ್ದ ಇಂಥ ಬಂಗಲೆಗಳಲ್ಲಿ ಸಾಹೇಬರು ಸರ್ಕಾರಿ ಪ್ರವಾಸದ ನೆಪದಲ್ಲಿ ವಿಶ್ರಾಂತಿಯನ್ನೂ ಪಡೆಯುತ್ತಿದ್ದರು.

ಕಡಲ ತಡಿಯ ವಿಶ್ರಾಂತಿಯೂ ಮೊದಲಿಗೆ ಅಧಿಕಾರಿ ವರ್ಗದ್ದೇ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಕೆಲಕಾಲ ಇದ್ದರು. ಅವರ ಅಣ್ಣ, ಐ.ಸಿ.ಎಸ್. ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥರು, ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಇಪ್ಪತ್ತರ ಹರೆಯದ ಕವಿ ಬರೆದದ್ದು ಅಲ್ಲಿಯೇ. ಕಾರವಾರದ ಕಡಲತೀರಕ್ಕೆ ಈಗ ಅವರ ಹೆಸರಿದೆ.

ತಲೆಕೆಳಗಾದ ಸೀಸನ್

ಆಫ್ ಸೀಸನ್ ಹುಟ್ಟಬೇಕಾದರೆ ಮೊದಲು ಸೀಸನ್ ಹುಟ್ಟಬೇಕು. ಅದು ಹುಟ್ಟಿದ್ದು ಯೂರೋಪಿನಲ್ಲಿ. 1750ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರಸ್ನಾನವನ್ನು ಔಷಧಿಯಂತೆ ಬರೆದುಕೊಡುತ್ತಿದ್ದ. ಬ್ರೈಟನ್ ಎಂಬ ಮೀನುಗಾರರ ಊರು ಶ್ರೀಮಂತರ ಆರೋಗ್ಯಧಾಮವಾಗಿ ಬೆಳೆದದ್ದು ಹೀಗೆ. ಅಲ್ಲಿಗೆ ಬರುತ್ತಿದ್ದವರು ಮೋಜಿಗಾಗಿ ಬರಲಿಲ್ಲ, ಚಿಕಿತ್ಸೆಗೆ ಬಂದರು.

ಫ್ರಾನ್ಸಿನ ದಕ್ಷಿಣ ಕರಾವಳಿಯ ಕಥೆ ಇನ್ನೂ ಕುತೂಹಲಕರ. ನೀಸ್, ಕಾನ್, ಆಂಟೀಬ್ ಮೊದಲಾದ ಊರುಗಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್, ರಷ್ಯಾದ ಸಿರಿವಂತರು ಬರುತ್ತಿದ್ದದ್ದು ಚಳಿಗಾಲದಲ್ಲಿ. ತಮ್ಮ ದೇಶದ ಹಿಮದಿಂದ ತಪ್ಪಿಸಿಕೊಳ್ಳಲು ಅವರಿಗೆ ಅಲ್ಲಿನ ಎಳೆಬಿಸಿಲು ಬೇಕಿತ್ತು. ಬೇಸಿಗೆ ಬಂತೆಂದರೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಆಗ ಬೇಸಿಗೆಯೇ ಆಫ್ ಸೀಸನ್! 1923ರಲ್ಲಿ ಜೆರಾಲ್ಡ್ ಮತ್ತು ಸಾರಾ ಮರ್ಫಿ ಎಂಬ ಅಮೆರಿಕನ್ ದಂಪತಿ ಆಂಟೀಬ್‌ನ ಹೋಟೆಲೊಂದನ್ನು ಬೇಸಿಗೆಯಲ್ಲೂ ತೆರೆದಿಡುವಂತೆ ಅದರ ಮಾಲೀಕನನ್ನು ಒಪ್ಪಿಸಿದರು. ಮೈಗೆ ಬಿಸಿಲು ಕಾಯಿಸಿಕೊಳ್ಳುವುದು ಫ್ಯಾಷನ್ ಆಗುತ್ತಿದ್ದ ಕಾಲ ಅದು. ಹತ್ತಾರು ವರ್ಷಗಳಲ್ಲಿ ಅಲ್ಲಿನ ಪದ್ಧತಿಯೇ ತಿರುಗುಮುರುಗಾಯಿತು. ಬೇಸಿಗೆ ದುಬಾರಿಯಾಯಿತು, ಚಳಿಗಾಲ ಅಗ್ಗವಾಯಿತು. ಸಮುದ್ರ ಮಾತ್ರ ಬದಲಾಗಿರಲಿಲ್ಲ.

ಒಟ್ಟು ದರದ ಪ್ರವಾಸ

ಪ್ಯಾಕೇಜ್ ಪ್ರವಾಸದ ಮೂಲ ಇನ್ನೊಂದು ದಿಕ್ಕಿನಲ್ಲಿದೆ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬಾತ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೊಗೆ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಷಿಲ್ಲಿಂಗ್. ಅವರು ಹೊರಟಿದ್ದು ಪಾನನಿರೋಧ ಸಭೆಗೆ! ಅನೇಕರ ಪರವಾಗಿ ಒಬ್ಬನೇ ಸಗಟಾಗಿ ಕೊಂಡರೆ ಪ್ರತಿಯೊಬ್ಬರ ಖರ್ಚೂ ಇಳಿಯುತ್ತದೆ ಎಂಬ ಸರಳ ಲೆಕ್ಕದ ಮೇಲೆ ಆತ ದೊಡ್ಡ ವ್ಯಾಪಾರವನ್ನೇ ಕಟ್ಟಿದ.

ಆದರೆ ದುಡಿಯುವ ಜನ ಪ್ರವಾಸ ಹೋಗಬೇಕಾದರೆ ಟಿಕೆಟ್ ಅಗ್ಗವಾದರೆ ಸಾಲದು. ರಜೆ ಹಾಕಿದ ದಿನದ ಕೂಲಿ ಕೈತಪ್ಪಬಾರದು. ಈ ಮಾತಿಗೆ ಕಾನೂನಿನ ಬಲ ಬಂದದ್ದು 1930ರ ದಶಕದಲ್ಲಿ. 1936ರಲ್ಲಿ ಫ್ರಾನ್ಸ್ ಕಾರ್ಮಿಕರಿಗೆ ಎರಡು ವಾರಗಳ ವೇತನಸಹಿತ ರಜೆ ನೀಡಿತು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಈ ಕುರಿತ ಒಡಂಬಡಿಕೆಯನ್ನು ಅಂಗೀಕರಿಸಿತು. 1938ರಲ್ಲಿ ಬ್ರಿಟನ್ ತನ್ನದೇ ಕಾಯ್ದೆ ಮಾಡಿತು.

ಯುದ್ಧ ಮುಗಿದ ಮೇಲೆ ವಿಮಾನ ಬಂತು. 1950ರಲ್ಲಿ ವ್ಲಾದಿಮಿರ್ ರೈಟ್ಸ್ ಎಂಬ ಪತ್ರಕರ್ತ ಲಂಡನ್ನಿನಿಂದ ಕಾರ್ಸಿಕಾ ದ್ವೀಪದ ಕಡಲತೀರಕ್ಕೆ ಬಾಡಿಗೆ ವಿಮಾನದಲ್ಲಿ ಪ್ರವಾಸ ಏರ್ಪಡಿಸಿದ. ವಿಮಾನ, ಊಟ, ವಸತಿ ಸೇರಿ 32 ಪೌಂಡ್ 10 ಷಿಲ್ಲಿಂಗ್. ವಸತಿ ಎಂದರೆ ಡೇರೆ! ಮುಂದಿನ ಎರಡು ಮೂರು ದಶಕಗಳಲ್ಲಿ ಸ್ಪೇನಿನ ಬೆನಿಡಾರ್ಮ್‌ನಂಥ ಮೀನುಗಾರರ ಹಳ್ಳಿಗಳು ಗಗನಚುಂಬಿ ಹೋಟೆಲುಗಳ ಪಟ್ಟಣಗಳಾದವು. ಮಕ್ಕಳೊಂದಿಗೆ ಬರುವ ಸಂಸಾರಗಳಿಗೆ ಪ್ರತಿ ಹೊತ್ತೂ ಹೋಟೆಲ್ ಊಟ ಹೊರೆಯಾಗುತ್ತದೆಂದು ಅಡುಗೆಮನೆ ಸಹಿತ ಅಪಾರ್ಟ್‌ಮೆಂಟ್ ಹೋಟೆಲುಗಳೂ ಹೆಚ್ಚಿದವು.

ಇಲ್ಲಿಯೇ ಆಫ್ ಸೀಸನ್ನಿನ ಗಣಿತ ಶುರುವಾಗುವುದು. ಖಾಲಿ ಕೋಣೆಯನ್ನು ಜೋಳದಂತೆ ಕಣಜದಲ್ಲಿ ಕೂಡಿಡಲಾಗದು. ಇಂದು ರಾತ್ರಿ ಯಾರೂ ಮಲಗದಿದ್ದರೆ ಆ ಬಾಡಿಗೆ ಹೋದಂತೆಯೇ. ಸೀಸನ್ನಿನಲ್ಲಿ 2,500 ರೂಪಾಯಿಗೆ ಹೋಗುವ ಕೋಣೆಯ ಹಾಸಿಗೆ ಒಗೆತ, ನೀರು, ವಿದ್ಯುತ್ತಿಗೆ ದಿನಕ್ಕೆ 300 ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಮಳೆಗಾಲದಲ್ಲಿ ಅದನ್ನು 1,000 ರೂಪಾಯಿಗೆ ಕೊಟ್ಟರೂ 700 ರೂಪಾಯಿ ಉಳಿಯುತ್ತದೆ. ಸಾಲದ ಕಂತಿಗೋ, ಕಾವಲುಗಾರನ ಸಂಬಳಕ್ಕೋ ಅದು ಒದಗುತ್ತದೆ. ಬೀಗ ಹಾಕಿಟ್ಟರೆ ಏನೂ ಇಲ್ಲ.

ಸ್ಪೇನ್ ಸರ್ಕಾರ ಈ ಗಣಿತವನ್ನು 1985ರಲ್ಲಿ ಸಮಾಜಕಲ್ಯಾಣಕ್ಕೆ ಬಳಸಿತು. 'ಇಮ್ಸೆರ್ಸೊ' ಎಂದು ಹೆಸರಾದ ಆ ಯೋಜನೆಯಲ್ಲಿ ನಿವೃತ್ತರನ್ನು ಸರ್ಕಾರದ ಸಹಾಯಧನದೊಂದಿಗೆ ಆಫ್ ಸೀಸನ್ನಿನಲ್ಲಿ ಕಡಲತೀರಕ್ಕೆ ಕಳಿಸಲಾಗುತ್ತದೆ. ಮುದುಕರಿಗೆ ಪ್ರವಾಸ, ಹೋಟೆಲಿಗೆ ಗಿರಾಕಿ, ಕೆಲಸಗಾರರಿಗೆ ಸಂಬಳ. ಒಟ್ಟು ದರದ ವ್ಯಾಪಾರದಲ್ಲಿ ಅಪಾಯವೂ ಇದೆ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಳುಗಿದಾಗ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಪರದೇಶಗಳಲ್ಲಿ ಸಿಕ್ಕಿಕೊಂಡರು. ಅದರ ಪೆಟ್ಟು ಗೋವಾದ ಹೋಟೆಲುಗಳಿಗೂ ತಟ್ಟಿತು.

ನಮ್ಮ ಕರಾವಳಿಯ ಮಾತು

ಬೆನಿಡಾರ್ಮ್‌ನಂಥ ಗೋಪುರಗಳು ಕರ್ನಾಟಕದ ಕಡಲತೀರದಲ್ಲಿ ಸಾಲುಗಟ್ಟಿ ನಿಲ್ಲದಿರಲು ಒಂದು ಮುಖ್ಯ ಕಾರಣ ಕಾನೂನು. ಕಡಲತೀರದ 500 ಮೀಟರ್ ಪಟ್ಟಿಯನ್ನು ರಕ್ಷಿಸಬೇಕೆಂದು 1981ರಲ್ಲಿಯೇ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದಿದ್ದರು. 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಗೋಕರ್ಣ, ಮುರ್ಡೇಶ್ವರ, ಮಲ್ಪೆಗಳಿಗೆ ಬರುವವರು ಹೆಚ್ಚಿದರು. ಕಟ್ಟಡಗಳು ಬೆಳೆದರೂ ಸಾಧಾರಣ ಎತ್ತರದಲ್ಲಿಯೇ ಉಳಿದವು.

ಇಲ್ಲಿ ಆಫ್ ಸೀಸನ್ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ; ಬಹುಪಾಲು ಈ ನಾಲ್ಕು ತಿಂಗಳಲ್ಲಿ. ಸಮುದ್ರಕ್ಕೆ ಇಳಿಯುವುದು ಅಪಾಯಕರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸೇಂಟ್ ಮೇರಿ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಗೋವಾದಲ್ಲಿ ಮರಳಿನ ಮೇಲಿನ ತಾತ್ಕಾಲಿಕ ಹೋಟೆಲುಗಳನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿಡಬೇಕು. ಅಲ್ಲಿ ದುಡಿಯುವ ಉತ್ತರ ಕರ್ನಾಟಕದ ಹುಡುಗರು ಊರಿಗೆ ಮರಳುತ್ತಾರೆ. ಪ್ರವಾಸಿಗರು ಮೆಚ್ಚುವ ನಿಶ್ಶಬ್ದದಲ್ಲಿ ಕೆಲಸವಿಲ್ಲದವರ ದಿನಗಳೂ ಸೇರಿವೆ.

ಆದರೆ ಕರಾವಳಿಯವರ ಸ್ವಂತ ಪಂಚಾಂಗ ಬೇರೆ. ಕುಂದಾಪುರದ ಬಳಿಯ ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆ ನಡೆಯುವುದು ಮಳೆ ಜೋರಾಗಿರುವ ಜುಲೈ, ಆಗಸ್ಟ್ ಹೊತ್ತಿನಲ್ಲಿ. ಒಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ, ಇನ್ನೊಂದು ಮಗ್ಗುಲಲ್ಲಿ ಸಮುದ್ರ. ವರಾಹ ಸ್ವಾಮಿಯ ಸನ್ನಿಧಿಯಲ್ಲಿ ಸಾವಿರಾರು ಜನ ಅಂದು ಸ್ನಾನ ಮಾಡುತ್ತಾರೆ. ಹೋಟೆಲಿನವರಿಗೆ ಆಫ್ ಸೀಸನ್ ಆದದ್ದು ಅವರಿಗೆ ಪರ್ವಕಾಲ.

ಬಯಲುಸೀಮೆಯ ಬಿಡುವು

ಈಗ ನಮ್ಮ ಕಡೆಯ ಮಾತು. ಭರಮಸಾಗರದಿಂದ ಕಡಲಿಗೆ ಇನ್ನೂರು ಕಿಲೋಮೀಟರ್‌ಗೂ ಮಿಕ್ಕ ದಾರಿ. ಇಲ್ಲಿ 'ಸಾಗರ' ಎಂದರೆ ಕೆರೆ. ದುರ್ಗದ ದೊರೆ ಭರಮಣ್ಣ ನಾಯಕ (1689-1721) ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ. 1933ರಲ್ಲಿ ತುಂಬಿದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಆಗ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋದರು. ಯಾವ ಪ್ಯಾಕೇಜೂ ಇರಲಿಲ್ಲ. ನೀರು ಬಂದದ್ದೇ ಸೀಸನ್ ಆಯಿತು.

ಕಡಲತೀರದ ಕೋಣೆ ಅರ್ಧ ಬೆಲೆಗೆ ಇಳಿಯುವ ಜೂನ್, ಜುಲೈನಲ್ಲಿ ಇಲ್ಲಿನ ರೈತ ಹದ ಕಾಯುತ್ತಿರುತ್ತಾನೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಬಿತ್ತನೆಯ ಕಾಲ ಅದು. ಒಂದು ಹದ ತಪ್ಪಿದರೆ ವರ್ಷದ ಬೆಳೆಯೇ ತಪ್ಪೀತು. ಆಗಸ್ಟಿನಲ್ಲಿ ಕಳೆ, ಎಡೆಕುಂಟೆ. ಸುಗ್ಗಿ ಮುಗಿದು ಮಳೆಯಾಶ್ರಿತ ಹೊಲಗಳಲ್ಲಿ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ಅವನಿಗೆ ಬಿಡುವು. ಅದು ಜಾತ್ರೆ, ತೇರು, ಮದುವೆಗಳ ಕಾಲ. ಶಾಲೆಗೂ ಆಗಲೇ ರಜೆ. ಕಡಲತೀರದ ಕೋಣೆಗೆ ಅತಿ ಹೆಚ್ಚು ಬೆಲೆ ಇರುವುದೂ ಆಗಲೇ. ಹೀಗೆ ಬಯಲುಸೀಮೆಯ ರೈತನ ಬಿಡುವಿಗೂ ಹೋಟೆಲಿನವರ ರಿಯಾಯಿತಿಗೂ ತಾಳೆಯೇ ಆಗುವುದಿಲ್ಲ.

ರಜೆಯ ಪ್ರಶ್ನೆ ಇನ್ನೂ ಮೂಲದ್ದು. ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯ್ದೆ, ವರ್ಷಕ್ಕೆ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದರಂತೆ ವೇತನಸಹಿತ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ಇದೆ. ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿ ಬರಬಹುದು. ಹೊಲದಲ್ಲಿ ದಿನಗೂಲಿ ಮಾಡುವ ಹೆಣ್ಣುಮಗಳಿಗೆ ಇವೆರಡೂ ಅನ್ವಯಿಸಲಿಲ್ಲ. ಅವಳು ಮೂರು ದಿನ ಮನೆ ಬಿಟ್ಟರೆ ಮೂರು ದಿನದ ಕೂಲಿ ಹೋಗುತ್ತದೆ.

2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆ ಇಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾದೊಡನೆ, ಅದೂ ಮಳೆಗಾಲದ ಬಾಗಿಲಿನಲ್ಲಿ, ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯಗಳಲ್ಲಿ ಜನ ಕಿಕ್ಕಿರಿದರು. ಹೋಗುವ ಆಸೆ ಮೊದಲಿನಿಂದಲೂ ಇತ್ತು, ಅಡ್ಡಿಯಾಗಿದ್ದದ್ದು ಬಸ್ ಚಾರ್ಜು ಎಂಬುದು ಸ್ಪಷ್ಟವಾಯಿತು. ಹೋದವರಲ್ಲಿ ಬಹಳ ಜನ ಕ್ಷೇತ್ರಗಳನ್ನೇ ಆರಿಸಿಕೊಂಡದ್ದಕ್ಕೆ ಭಕ್ತಿಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಊಟ ಉಚಿತ, ತಂಗಲು ಕಡಿಮೆ ದರದ ಕೋಣೆ ಉಂಟು.

ಬಸ್ಸಿನ ವಿಷಯದಲ್ಲಿ ಸಾಧ್ಯವಾದದ್ದು ಕೋಣೆಯ ವಿಷಯದಲ್ಲಿ ಅಸಾಧ್ಯವೇನೂ ಅಲ್ಲ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಿಂದ ಇದೆ. ಮಳೆಗಾಲದಲ್ಲಿ ಕರಾವಳಿಯ ಎಷ್ಟೋ ಕೋಣೆಗಳು ಖಾಲಿ ಇರುತ್ತವೆ. ಹೊಲದ ಕೆಲಸ ಮಕ್ಕಳಿಗೆ ಬಿಟ್ಟುಕೊಟ್ಟ ಮುದುಕ ಮುದುಕಿಯರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಅವರಲ್ಲಿ ಸಮುದ್ರವನ್ನೇ ನೋಡದವರು ಅನೇಕರು. ಸ್ಪೇನಿನ ಮಾದರಿಯಲ್ಲಿ ಅವರನ್ನು ಮೂರು ದಿನ ಕರೆದೊಯ್ಯಲು ಹೊಸ ಕಟ್ಟಡ ಬೇಕಿಲ್ಲ. ಖಾಲಿ ಕೋಣೆಯ ದರ ಮತ್ತು ಒಂದು ಬಸ್ಸು ಸಾಕು. ಅವರು ನೀರಿಗೆ ಇಳಿಯಬೇಕೆಂದೇನೂ ಇಲ್ಲ. ಆಷಾಢದ ಕಡಲನ್ನು ದಡದಲ್ಲಿ ಕೂತು ನೋಡಿದರೂ ಸಾಲುತ್ತದೆ.