ಬೀಜ ಕಟ್ಟದ ಸೀಮೆಹುಲ್ಲು

ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ಮಧುಗಿರಿ ಕಡೆಯ ತೌರಿಂದ ಬರುವಾಗ ಕಬ್ಬಿನಂಥ ಹತ್ತು ಕಡ್ಡಿ ತಂದಿದ್ಲು. ಬಚ್ಚಲ ನೀರು ಹರಿಯೋ ಜಾಗದಲ್ಲಿ ಊರಿದ್ಲು. ಎರಡು ವರ್ಷದಲ್ಲಿ ಸಿರಾ, ಕೊರಟಗೆರೆಯ ನೆಂಟರ ಹೊಲಕ್ಕೂ ಅದೇ ಕಡ್ಡಿ ಹೋಯ್ತು.

ನಾವು ಸೀಮೆಹುಲ್ಲು ಅನ್ನೋದು ಇದಕ್ಕೇ. ಪುಸ್ತಕದ ಹೆಸರು ನೇಪಿಯರ್, ಹುಟ್ಟೂರು ಆಫ್ರಿಕಾ. ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿದ್ದ ಕರ್ನಲ್ ನೇಪಿಯರ್, 20ನೇ ಶತಮಾನದ ಶುರುವಿನಲ್ಲಿ, ಇದನ್ನು ಮೇವಾಗಿ ಬೆಳೆಸಿ ನೋಡಿ ಅಂತ ಅಲ್ಲಿನ ಕೃಷಿ ಇಲಾಖೆಯ ಬೆನ್ನು ಬಿದ್ದಿದ್ದರು. ಹುಲ್ಲಿಗೆ ಅವರ ಹೆಸರೇ ಅಂಟಿತು.

ಈಗ ನಾವು ಬೆಳೆಯೋ ಕೋ-3, ಕೋ-4 ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಮಿಶ್ರತಳಿಗಳು. ಸಜ್ಜೆಗೂ ನೇಪಿಯರ್‌ಗೂ ಹುಟ್ಟಿದ ಮಕ್ಕಳು. ಪಾವಗಡದೋರು ನಮ್ಮದೇ ಅಂದ್ಕೊಂಡಿರೋ ಸಜ್ಜೆಯೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದೇ! ಸಜ್ಜೆಗೆ 14 ವರ್ಣತಂತು, ನೇಪಿಯರ್‌ಗೆ 28, ಮಗುವಿಗೆ 21. ಈ ಬೆಸ ಲೆಕ್ಕದಿಂದಾಗಿ ಬೀಜ ಕಟ್ಟಲ್ಲ. ಸಾಫ್ಟ್‌ವೇರ್ ಭಾಷೇಲಿ ಇದು ಬರೀ ಕಾಪಿ-ಪೇಸ್ಟ್. ಯಾರಾದ್ರೂ ಕಡ್ಡಿ ಕೊಟ್ಟರಷ್ಟೇ ಮುಂದಿನ ಹೊಲ.

ನಮ್ಮದು ಹಳ್ಳಿಕಾರ್ ಎತ್ತಿನ ಸೀಮೆ. ಅವು ಗೋಮಾಳದಲ್ಲಿ ಮೇಯ್ದು, ಬೇಸಿಗೇಲಿ ರಾಗಿಹುಲ್ಲಿನ ಬಣವೆ ನಂಬಿ ಬದುಕಿದವು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಯ್ತು. ಮುಂದೆ ಊರೂರಿಗೂ ಹಾಲಿನ ಡೈರಿ ಬಂತು, ಜೊತೆಗೆ ಸೀಮೆಹಸು, ಅದರ ಹಿಂದೆ ಸೀಮೆಹುಲ್ಲು. ಅತ್ತ ಗೋಮಾಳ ಕರಗ್ತಾ ಹೋಯ್ತು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. ದನ ಮೇವಿನ ಹತ್ರ ಹೋಗೋದು ನಿಂತು, ಮೇವೇ ಕೊಟ್ಟಿಗೆಗೆ ಬರಬೇಕಾಯ್ತು. ಆ ಹೊರೆ ಹೆಂಗಸರ ತಲೆ ಮೇಲೆ ಕೂತಿತು.

ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ 45 ದಿನಕ್ಕೊಂದು. ಆದರೆ ಇದೆಲ್ಲ ನೀರಿದ್ದರೆ ಮಾತ್ರ. ರಾಗಿ ಮಳೆ ನಂಬಿತ್ತು, ಸೀಮೆಹುಲ್ಲು ನಂಬಿದ್ದು ಬೋರನ್ನ. ನಾನು ಬಿಇ ಓದ್ತಿದ್ದ ಕಾಲಕ್ಕೆ ನಮ್ಮ ಬೋರು ಬತ್ತಿತು. ಹುಲ್ಲು ಒಣಗಿತು, ಬಣವೆ ಹಾಕೋದು ಬಿಟ್ಟು ಆಗಲೇ ವರ್ಷಗಳಾಗಿದ್ದವು. ಎರಡು ಸೀಮೆಹಸು ಸಂತೆಗೆ ಹೊಡ್ಕೊಂಡು ಹೋದ ಅಪ್ಪ ಸಂಜೆ ಬರೀ ಹಗ್ಗ ಹಿಡ್ಕೊಂಡು ಬಂದ. ಆ ಸೆಮಿಸ್ಟರ್ ಫೀಸು ಅದೇ ದುಡ್ಡು.

ಮತ್ತೆ ಬೋರಲ್ಲಿ ಒಂದಿಷ್ಟು ನೀರು ಕಂಡಾಗ ಅಮ್ಮ ಕೊರಟಗೆರೆ ನೆಂಟರಿಂದ ಅಜ್ಜಿಯ ಕಡ್ಡೀನೇ ವಾಪಸ್ ತರಿಸಿದ್ಲು. ಊರಿದ್ದು ನಾಲ್ಕೇ ಸಾಲು. ಉಳಿದ ಹೊಲಕ್ಕೆಲ್ಲ ರಾಗಿ.